ಇನ್ನೊಂದು ತೋಳಿಗೆ ಕಾದ ಮನೆ

ರೆಡ್ ಹೌಸನ್ನು ನಾನು ಮೊದಲು ನೋಡಿದ್ದು ಪಠ್ಯಪುಸ್ತಕವೊಂದರ ಕಪ್ಪು-ಬಿಳುಪು ಚಿತ್ರದಲ್ಲಿ. ಹೆಸರಿನಲ್ಲೇ ಕೆಂಪಿರುವ ಮನೆಯನ್ನು ಬಣ್ಣವಿಲ್ಲದೆ ನೋಡುತ್ತಿದ್ದೇನೆ ಎಂಬ ತಮಾಷೆ ಆಗ ಹೊಳೆದಿರಲಿಲ್ಲ. ಚಿತ್ರದ ಮುಂದುಗಡೆ ಒಂದು ಬಾವಿ, ಬಾವಿಯ ಮೇಲೆ ಶಂಕುವಿನಂಥ ಚೂಪು ಮಾಡು, ಹಿಂದೆ ಕಡಿದಾದ ಹೆಂಚಿನ ಮನೆ. ಅಡಿಯಲ್ಲಿ ಎರಡೇ ಸಾಲು: ಕಟ್ಟಿಸಿದವನು ವಿಲಿಯಂ ಮಾರಿಸ್, ವಾಸ್ತುಶಿಲ್ಪಿ ಫಿಲಿಪ್ ವೆಬ್, 1859-60, ಆಧುನಿಕ ಮನೆಯ ಮೊದಲ ಉದಾಹರಣೆ. ಪರೀಕ್ಷೆಯಲ್ಲಿ ಅದನ್ನೇ ಬರೆದೆ, ಅಂಕ ಬಂತು. ಆಮೇಲೆ ಹಲವು ವರ್ಷ, ಮಾರಿಸನ ಮಾತು ಬಂದಾಗಲೆಲ್ಲ ಆ ಸಾಲನ್ನೇ ಹೇಳುತ್ತಾ ಬಂದೆ.

ಆ ಸಾಲು ಸುಳ್ಳು ಎನ್ನುವುದಕ್ಕೆ ಈ ಬರಹವಲ್ಲ. ಆದರೆ ಕೆಲವು ಮಾತುಗಳಿರುತ್ತವೆ, ಅವನ್ನು ಹೇಳಲು ಕೃತಿಯನ್ನು ಓದಿರಲೇಬೇಕು ಎಂದಿಲ್ಲ. ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದರ ಅನುಭವ ಇದ್ದೇ ಇರುತ್ತದೆ. ಒಂದು ಕಾದಂಬರಿಗೆ ‘ಈ ಬಗೆಯಲ್ಲಿ ಮೊದಲನೆಯದು’ ಎಂದು ಪಟ್ಟ ಕಟ್ಟಿದ ಮೇಲೆ ಅದು ಕಪಾಟು ಸೇರುತ್ತದೆ. ಒಳಗೆ ಏನಿದೆ ಎಂದು ಕೇಳುವವರು ಕಡಿಮೆ. ರೆಡ್ ಹೌಸಿನ ವಿಷಯದಲ್ಲಿ ನಾನು ಮಾಡಿದ್ದೂ ಅದನ್ನೇ. ಈಗ ಆ ಹಳೆಯ ಉತ್ತರವನ್ನು ತಿದ್ದಿ ಬರೆಯಬೇಕೆನಿಸಿದೆ.

ಸಾಹಿತ್ಯದ ಪತ್ರಿಕೆಯಲ್ಲಿ ಮನೆಯೊಂದರ ಬಗ್ಗೆ ಬರೆಯುವುದಕ್ಕೆ ಸಮರ್ಥನೆಯೂ ಇದೆ. ಮನೆ ಹೊಸತಾಗಿದ್ದಾಗಲೇ ಮಾರಿಸನ ಗೆಳೆಯ, ಕವಿ ಮತ್ತು ಚಿತ್ರಕಾರ ದಾಂತೆ ಗೇಬ್ರಿಯಲ್ ರೊಸೆಟ್ಟಿ ಒಂದು ಪತ್ರದಲ್ಲಿ, ಇದು ಮನೆ ಎನ್ನುವುದಕ್ಕಿಂತ ಹೆಚ್ಚಾಗಿ ಕವಿತೆ, ಆದರೂ ವಾಸಕ್ಕೂ ಚೆನ್ನಾಗಿದೆ ಎಂಬರ್ಥದ ಮಾತು ಬರೆದಿದ್ದ. ಮೆಚ್ಚುಗೆಯ ಮಾತೇನೋ ಹೌದು. ಆದರೆ ಕವಿತೆ ಎಂದ ಮೇಲೆ ಅದನ್ನು ಕವಿತೆಯನ್ನು ಓದುವ ಹಾಗೆಯೇ ಓದಬೇಕಲ್ಲವೇ? ಹೇಳಿದ್ದನ್ನೂ ಓದಬೇಕು, ಹೇಳದೆ ಬಿಟ್ಟದ್ದನ್ನೂ ಓದಬೇಕು.

ಮೊದಲು ಕಥೆ. ಮಾರಿಸ್ ಮತ್ತು ವೆಬ್ ಭೇಟಿಯಾದದ್ದು 1856ರಲ್ಲಿ, ಆಕ್ಸ್‌ಫರ್ಡಿನಲ್ಲಿ, ಜಾರ್ಜ್ ಎಡ್ಮಂಡ್ ಸ್ಟ್ರೀಟ್ ಎಂಬ ವಾಸ್ತುಶಿಲ್ಪಿಯ ಕಚೇರಿಯಲ್ಲಿ. ವೆಬ್ ಅಲ್ಲಿ ಹಿರಿಯ ಸಹಾಯಕ, ಮಾರಿಸ್ ಹೊಸ ಶಿಷ್ಯ. ಒಂದು ವರ್ಷ ತುಂಬುವ ಮೊದಲೇ ಮಾರಿಸ್ ಆ ಕೆಲಸ ಬಿಟ್ಟು ಚಿತ್ರಕಲೆಯ ಕಡೆ ಹೊರಟ. 1858ರಲ್ಲಿ ಅವನ ಮೊದಲ ಕವನ ಸಂಕಲನ ಬಂತು. ಅದೇ ವರ್ಷ ಅವನು, ವೆಬ್ ಮತ್ತು ಚಾರ್ಲ್ಸ್ ಫಾಕ್ನರ್ ಸೇರಿ ಫ್ರಾನ್ಸಿನ ಸೇನ್ ನದಿಯಲ್ಲಿ ದೋಣಿಯಲ್ಲಿ ಸಾಗುತ್ತಾ ಮನೆಯ ಮಾತಾಡಿದರು. 1859ರ ಏಪ್ರಿಲ್‌ನಲ್ಲಿ ಮಾರಿಸನಿಗೆ ಜೇನ್ ಬರ್ಡನ್ ಜೊತೆ ಮದುವೆಯಾಯಿತು. ಜೇನ್ ಆಕ್ಸ್‌ಫರ್ಡಿನ ಕುದುರೆಲಾಯದ ಕೆಲಸಗಾರನ ಮಗಳು. ಕೆಂಟ್ ಸೀಮೆಯ ಬೆಕ್ಸ್ಲಿಹೀತ್ ಬಳಿ ಹಣ್ಣಿನ ತೋಟವೊಂದನ್ನು ಕೊಂಡು, ಸುಮಾರು ನಾಲ್ಕು ಸಾವಿರ ಪೌಂಡ್ ಖರ್ಚು ಮಾಡಿ ಮನೆ ಕಟ್ಟಿದರು. ವೆಬ್‌ಗೆ ಇದು ಸ್ವತಂತ್ರವಾಗಿ ಬಂದ ಮೊದಲ ಕೆಲಸ. ಅವನಿಗಿನ್ನೂ ಮೂವತ್ತು ತುಂಬಿರಲಿಲ್ಲ. ಮಾರಿಸನಿಗೆ ಇಪ್ಪತ್ತೈದು.

ಆ ಊರು ಈಗ ಲಂಡನ್ ನಗರದ ಒಳಗೇ ಸೇರಿಹೋಗಿದೆ. ಕೆಲವು ವರ್ಷಗಳ ಹಿಂದೆ ತಂಗಿಯ ಮನೆಗೆಂದು ಲಂಡನ್ನಿಗೆ ಹೋಗಿದ್ದಾಗ, ಅಕ್ಟೋಬರಿನ ಒಂದು ಬೆಳಿಗ್ಗೆ ರೈಲು ಹತ್ತಿ ಬೆಕ್ಸ್ಲಿಹೀತ್‌ನಲ್ಲಿ ಇಳಿದೆ. ನಿಲ್ದಾಣದಿಂದ ನಡೆಯುತ್ತಾ ಹೋದರೆ ಎರಡೂ ಬದಿ ಒಂದೇ ಅಚ್ಚಿನ ಸಾಲುಮನೆಗಳು, ಮುಂದೆ ಕಾರುಗಳು, ಕಸದ ಡಬ್ಬಿಗಳು. ಇಂಥ ಕಡೆ ಅಂಥ ಮನೆ ಇರಲು ಸಾಧ್ಯವೇ ಎಂದುಕೊಳ್ಳುವಷ್ಟರಲ್ಲಿ ಎತ್ತರದ ಇಟ್ಟಿಗೆಯ ಕಾಂಪೌಂಡು, ಅದರಲ್ಲೊಂದು ಗೇಟು. ಒಳಗೆ ಹೋದವನಿಗೆ ಎದುರಾದದ್ದು ನಾನು ಕಂಠಪಾಠ ಮಾಡಿದ್ದ ಚಿತ್ರವಲ್ಲ. ಬಾವಿ ಇಲ್ಲ. ಎತ್ತರದ, ಗಂಭೀರವಾದ, ಸ್ವಲ್ಪ ಬಿಗುಮಾನದ ಕೆಂಪು ಗೋಡೆ. ನಡುವೆ ಆಳವಾದ ಕಮಾನಿನ ಬಾಗಿಲು. ಇದು ಉತ್ತರದ ಮುಖ, ಮನೆಯ ನಿಜವಾದ ಮುಂಭಾಗ. ಪುಸ್ತಕಗಳಲ್ಲಿ ಹೆಚ್ಚಾಗಿ ಅಚ್ಚಾಗುವುದು ತೋಟದ ಕಡೆಯ ಹಿಂಭಾಗ.

ಗೋಡೆಯ ಹತ್ತಿರ ನಿಂತು ನೋಡಿದೆ. ನಮ್ಮೂರ ಕಡೆ ಗಿಲಾವು ಮಾಡದ ಇಟ್ಟಿಗೆ ಗೋಡೆ ಎಂದರೆ ದುಡ್ಡು ಮುಗಿದ ಮನೆ ಎಂದರ್ಥ. ಗಾರೆ ಮೆತ್ತಿ ಸುಣ್ಣ ಬಳಿದ ಮೇಲೆಯೇ ಗೃಹಪ್ರವೇಶ. ಬರಿಯ ಇಟ್ಟಿಗೆಯನ್ನೂ ಚೆಲುವೆಂದು ನೋಡಲು ನಮ್ಮಲ್ಲಿ ಹಲವರಿಗೆ ಕಲಿಸಿದ್ದು ಕೇರಳದಲ್ಲಿ ನೆಲೆಸಿದ ಲಾರಿ ಬೇಕರ್. ಅವರು ಹುಟ್ಟಿದ್ದೂ ಇಂಗ್ಲೆಂಡಿನ ಬರ್ಮಿಂಗ್ಹ್ಯಾಮಿನಲ್ಲೇ. ಮಾರಿಸನ ಕಾಲದ ಇಂಗ್ಲೆಂಡಿನ ಸ್ಥಿತಿಯೂ ನಮ್ಮೂರಿಗಿಂತ ತೀರಾ ಬೇರೆಯಿರಲಿಲ್ಲ. 1784ರಿಂದ ಅಲ್ಲಿ ಇಟ್ಟಿಗೆಯ ಮೇಲೆ ತೆರಿಗೆ ಇತ್ತು. ಅದನ್ನು ತೆಗೆದದ್ದು 1850ರಲ್ಲಿ. ಆ ದಶಕಗಳಲ್ಲಿ ಉಳ್ಳವರು ತಮ್ಮ ಇಟ್ಟಿಗೆ ಗೋಡೆಗಳಿಗೆ ನುಣ್ಣನೆಯ ಗಾರೆ ಮೆತ್ತಿ, ಗೆರೆ ಕೊರೆದು, ಕಲ್ಲಿನ ಮನೆಯೆಂದು ತೋರಿಸಿಕೊಳ್ಳುತ್ತಿದ್ದರು. ಇಟ್ಟಿಗೆ ಒಳಗಿನ ಗುಟ್ಟು, ಕಲ್ಲು ಹೊರಗಿನ ವೇಷ.

ವೆಬ್ ಆ ವೇಷವನ್ನು ತೆಗೆದುಹಾಕಿದ. ಹೊರಗಷ್ಟೇ ಅಲ್ಲ, ಊಟದ ಕೋಣೆಯ, ಮೇಲಿನ ದೊಡ್ಡ ಕೋಣೆಯ ಅಗ್ಗಿಷ್ಟಿಕೆಗಳೂ ಬರಿಯ ಇಟ್ಟಿಗೆಯವೇ. ಅಮೃತಶಿಲೆ ಇಡಬೇಕಾದ ಜಾಗದಲ್ಲಿ ಇಟ್ಟಿಗೆ ಇಡುವುದು ಆ ಕಾಲಕ್ಕೆ ಸಣ್ಣ ಮಾತಲ್ಲ. ಹೊರಗಿನ ಗೋಡೆಯ ಮೇಲೆ ಅಲಂಕಾರ ಎನ್ನುವುದೇ ಇಲ್ಲ. ಇಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಕಮಾನು, ಹೊರಚಾಚಿ ಆಸರೆ, ಸಾಲಾಗಿ ಜೋಡಿಸಿ ಗೋಡೆ. ಯಾವ ಇಟ್ಟಿಗೆ ಯಾವ ಕೆಲಸ ಮಾಡುತ್ತಿದೆ ಎನ್ನುವುದು ಕಣ್ಣಿಗೇ ತಿಳಿಯುತ್ತದೆ.

ಕಿಟಕಿಗಳನ್ನು ನೋಡಿದಾಗ ಇದು ಇನ್ನೂ ಸ್ಪಷ್ಟ. ಚೂಪು ಕಮಾನು ಗೋಥಿಕ್ ಶೈಲಿಯದು, ಚರ್ಚಿನದು. ಆದರೆ ಆ ಕಮಾನಿನ ಕೆಳಗೆ ವೆಬ್ ಇಟ್ಟದ್ದು ಚರ್ಚಿನ ಕಿಟಕಿಯನ್ನಲ್ಲ. ಹದಿನೆಂಟನೆಯ ಶತಮಾನದ ಸಾಮಾನ್ಯ ಮನೆಗಳಲ್ಲಿದ್ದ, ಮೇಲೆ-ಕೆಳಗೆ ಜಾರಿಸುವ ಚೌಕಟ್ಟಿನ ಕಿಟಕಿಯನ್ನು. ಕಮಾನಿಗೂ ಕಿಟಕಿಗೂ ನಡುವೆ ಉಳಿದ ಜಾಗವನ್ನು ಇಟ್ಟಿಗೆಯಿಂದಲೇ ತುಂಬಿದ. ಶೈಲಿಶುದ್ಧಿಯ ದೃಷ್ಟಿಯಿಂದ ಇದು ಬೆರಕೆ. ಆದರೆ ಭಾರ ಹೊರುವುದು ಕಮಾನಿನ ಕೆಲಸ, ಗಾಳಿ-ಬೆಳಕು ಕೊಡುವುದು ಕಿಟಕಿಯ ಕೆಲಸ. ಒಂದರ ಮೇಲಿನ ಭಕ್ತಿಗೆ ಇನ್ನೊಂದನ್ನು ಬಲಿಕೊಡುವುದು ಬೇಡ ಎಂದು ಅವನಿಗೆ ಅನ್ನಿಸಿರಬೇಕು. ಕಿಟಕಿಗಳು ಒಂದರ ಪಕ್ಕ ಒಂದು ಸಮನಾಗಿ ನಿಂತಿಲ್ಲ. ಕೋಣೆಗೆ ಎಷ್ಟು ಬೇಕೋ ಅಷ್ಟು, ಎಲ್ಲಿ ಬೇಕೋ ಅಲ್ಲಿ. ಮಹಡಿಯ ನಡುಹಾದಿಯಲ್ಲಿ ದುಂಡನೆಯ ಕಿಟಕಿಗಳು. ಹೊರಗೆ ನಿಂತು ನೋಡಿದರೆ ಇದು ಹಾದಿ, ಇದು ಮೆಟ್ಟಿಲು, ಇದು ಕೋಣೆ ಎಂದು ಗುರುತು ಹಿಡಿಯಬಹುದು.

ವಿಮರ್ಶಕರು ಮೆಚ್ಚಿದ್ದು ಇದನ್ನೇ. ಜರ್ಮನಿಯ ಹರ್ಮನ್ ಮುತೇಸಿಯಸ್ 1904-05ರಲ್ಲಿ ಇಂಗ್ಲಿಷ್ ಮನೆಗಳ ಮೇಲೆ ಮೂರು ಸಂಪುಟಗಳ ದೊಡ್ಡ ಗ್ರಂಥ ಹೊರತಂದ. ಹೊಸ ಬಗೆಯ ಮನೆಯ ಚರಿತ್ರೆಯಲ್ಲಿ ರೆಡ್ ಹೌಸಿಗೆ ಮೊದಲ ಸ್ಥಾನ ಕೊಟ್ಟವರಲ್ಲಿ ಅವನು ಮುಖ್ಯ. 1936ರಲ್ಲಿ ನಿಕೋಲಸ್ ಪೆವ್ಸ್ನರ್ ಬರೆದ ಪುಸ್ತಕ ಮಾರಿಸನಿಂದ ವಾಲ್ಟರ್ ಗ್ರೋಪಿಯಸ್‌ವರೆಗೆ ಒಂದು ನೇರ ಗೆರೆ ಎಳೆಯಿತು. ಅದರ ಉಪಶೀರ್ಷಿಕೆಯೇ ಆ ಗೆರೆ. ಬೆಕ್ಸ್ಲಿಹೀತ್‌ನ ಹೆಂಚಿನ ಮನೆಯಿಂದ ಹೊರಟರೆ ಗಾಜು-ಉಕ್ಕಿನ ಕಟ್ಟಡಕ್ಕೆ ತಲುಪುತ್ತೇವೆ ಎಂಬ ವಾದ. ನನ್ನ ಪಠ್ಯಪುಸ್ತಕದ ಸಾಲು ಹುಟ್ಟಿದ್ದು ಅಲ್ಲಿ.

ಆ ಗೆರೆಗೆ ಆಮೇಲೆ ಬಂದವರು ಸರಿಯಾದ ತಕರಾರು ತೆಗೆದರು. ವೆಬ್ ಕೆಲಸ ಕಲಿತ ಸ್ಟ್ರೀಟ್, ಅವನ ಸಮಕಾಲೀನ ವಿಲಿಯಂ ಬಟರ್‌ಫೀಲ್ಡ್, ಇಬ್ಬರೂ ಆ ಹೊತ್ತಿಗಾಗಲೇ ಹಳ್ಳಿಗಳಲ್ಲಿ ಪಾದ್ರಿಗಳಿಗೆ ಸರಳವಾದ ಮನೆಗಳನ್ನು ಕಟ್ಟುತ್ತಿದ್ದರು. ಬಾಯ್ನ್ ಹಿಲ್ ಎಂಬಲ್ಲಿ ಸ್ಟ್ರೀಟ್ 1850ರ ದಶಕದಲ್ಲಿ ಕಟ್ಟಿದ ಚರ್ಚು, ಪಾದ್ರಿಮನೆ, ಶಾಲೆ ಎಲ್ಲವೂ ಕೆಂಪು ಇಟ್ಟಿಗೆಯವು. ಕಡಿದಾದ ಮಾಡು, ಬೇಕಾದಲ್ಲಿ ಕಿಟಕಿ, ಅಲಂಕಾರವಿಲ್ಲದ ಗೋಡೆ ಎಲ್ಲ ಆ ಪಾದ್ರಿಮನೆಗಳಲ್ಲಿ ಇದ್ದದ್ದೇ. ಹಾಗಾದರೆ ರೆಡ್ ಹೌಸ್ ‘ಮೊದಲನೆಯದು’ ಹೇಗೆ? ಹೊಸತು ಇದ್ದದ್ದು ಒಂದೇ: ಪಾದ್ರಿಯ ಮನೆಯ ಆ ಸರಳ ನುಡಿಗಟ್ಟನ್ನು ಇಪ್ಪತ್ತೈದು ವರ್ಷದ ಶ್ರೀಮಂತ ಕವಿಯೊಬ್ಬ ತನಗೆ ಬೇಕೆಂದು ಆರಿಸಿಕೊಂಡದ್ದು. ಕಾವ್ಯದ ಮಾತಿನಲ್ಲಿ ಹೇಳುವುದಾದರೆ, ಛಂದಸ್ಸು ಹಳೆಯದು, ಅದಕ್ಕೆ ಹೊಂದಿಸಿದ ವಸ್ತು ಹೊಸದು.

ಇಷ್ಟಾದರೂ ಇದೆಲ್ಲ ಗೋಡೆಯ ಮಾತೇ. ಒಳಗೆ ಹೋದಾಗ ನನಗೆ ಬೇರೆಯದೇ ಒಂದು ಪ್ರಶ್ನೆ ಎದುರಾಯಿತು.

ಒಳಗೆ ಚಳಿ. ಕೋಟು ಬಿಚ್ಚಲು ಮನಸ್ಸಾಗಲಿಲ್ಲ. ಮೊದಲು ಇದು ನನ್ನಂಥ ಬಯಲುಸೀಮೆಯವನ ದೌರ್ಬಲ್ಯ ಎಂದುಕೊಂಡೆ. ಆಮೇಲೆ ನಕಾಶೆ ನೋಡಿದಾಗ ಕಾರಣ ಸಿಕ್ಕಿತು. ಮನೆಯ ಆಕಾರ ಇಂಗ್ಲಿಷಿನ ‘ಎಲ್’ ಅಕ್ಷರದಂತೆ. ಎರಡು ತೋಳುಗಳು ಕೂಡುವ ಒಳಮೂಲೆಯಲ್ಲಿ ತೋಟ, ತೋಟದಲ್ಲಿ ಬಾವಿ. ಆ ಒಳಬದಿಗೆ ಪೂರ್ವ ಮತ್ತು ದಕ್ಷಿಣದ ಬಿಸಿಲು. ಆದರೆ ಅಲ್ಲಿ ಇರುವುದು ನಡುಹಾದಿಗಳು. ಜನ ಕೂರುವ ದೊಡ್ಡ ಕೋಣೆಗಳು ಉತ್ತರಕ್ಕೆ, ಪಶ್ಚಿಮಕ್ಕೆ ಮುಖ ಮಾಡಿವೆ. ನಮಗೆ ನೆರಳು ಸುಖ. ಇಂಗ್ಲೆಂಡಿನಲ್ಲಿ ಬಿಸಿಲೇ ಸಿರಿ. ಆ ಸಿರಿಯನ್ನು ಈ ಮನೆ ಓಡಾಡುವ ಹಾದಿಗೆ ಕೊಟ್ಟು, ಕೂರುವ ಕೋಣೆಯನ್ನು ಚಳಿಗೆ ಬಿಟ್ಟಿದೆ. ಉಪಯೋಗಕ್ಕೆ ತಕ್ಕ ರೂಪ ಎಂದು ಯಾವ ಮನೆಯನ್ನು ಹೊಗಳಿದೆವೋ ಅದರಲ್ಲೇ ಹೀಗೇಕೆ?

ಅನನುಭವ ಎಂದು ಹೇಳಿ ಮುಗಿಸಬಹುದು. ಮೊದಲ ಮನೆ, ಯುವಕ ವಾಸ್ತುಶಿಲ್ಪಿ. ಕಟ್ಟಿದ್ದು ಬೇಸಿಗೆಯ ಕನಸಿನಲ್ಲಿ ಎಂದೂ ಹೇಳಬಹುದು. ಹಣ್ಣಿನ ಮರಗಳನ್ನು ಆದಷ್ಟೂ ಕಡಿಯದೆ, ಅವುಗಳ ನಡುವೆಯೇ ಮನೆಯನ್ನು ಕೂರಿಸಿದ್ದರು. ಮಾರಿಸನ ಜೀವನಚರಿತ್ರೆ ಬರೆದ ಮೆಕೇಲ್, ಶರತ್ಕಾಲದ ರಾತ್ರಿ ತೆರೆದ ಕಿಟಕಿಯಿಂದ ಸೇಬು ಒಳಗೆ ಬೀಳುತ್ತಿತ್ತು ಎನ್ನುತ್ತಾನೆ. ಅಂಥ ಬೇಸಿಗೆಯಲ್ಲಿ ಉತ್ತರದ ಕೋಣೆ ತಂಪು. ಆದರೆ ನನಗೆ ಹೆಚ್ಚು ನಿಜವೆನಿಸಿದ ಓದು ಇನ್ನೊಂದು. ಅದಕ್ಕೆ ಮೊದಲು ಒಳಗಿನ ವಸ್ತುಗಳನ್ನು ನೋಡಬೇಕು.

ಮಹಡಿಯ ದೊಡ್ಡ ಕೋಣೆಯಲ್ಲಿ ಒಂದು ಭಾರೀ ಮರದ ಆಸನ-ಬೀರು ಇದೆ. ಅದರ ತಲೆಯ ಮೇಲೆ ಹಾಡುಗಾರರು ನಿಲ್ಲಲು ಪುಟ್ಟ ಅಟ್ಟ, ಹತ್ತಲು ಏಣಿ. ಅದೇ ಕೋಣೆಯ ಗೋಡೆಯ ಮೇಲೆ ಎಡ್ವರ್ಡ್ ಬರ್ನ್-ಜೋನ್ಸ್ ಮಧ್ಯಯುಗದ ಕಥನಕಾವ್ಯವೊಂದರ ಮದುವೆಯ ದೃಶ್ಯಗಳನ್ನು ಬರೆದ. ಮದುಮಕ್ಕಳ ಮುಖ ಮಾರಿಸ್ ಮತ್ತು ಜೇನ್ ಅವರದು. ಏಳು ದೃಶ್ಯ ಬರೆಯುವ ಯೋಚನೆ ಇತ್ತು, ಆದದ್ದು ಮೂರು. ಊಟದ ಕೋಣೆಗೆಂದು ಹೆಸರಾಂತ ಹೆಂಗಸರ ಹನ್ನೆರಡು ಕಸೂತಿ ಚಿತ್ರಗಳನ್ನು ಯೋಚಿಸಿದ್ದರು, ಜೇನ್, ಅವಳ ತಂಗಿ, ಗೆಳತಿಯರು ಸೂಜಿ ಹಿಡಿದರು, ಎಲ್ಲವೂ ಮುಗಿಯಲಿಲ್ಲ. ಕೆಳಗಿನ ಹಾಲ್‌ನ ಬೀರುವಿನ ಮೇಲೆ ಮಾರಿಸ್ ಶುರುಮಾಡಿದ ಚಿತ್ರ ಅರ್ಧಕ್ಕೇ ನಿಂತಿದೆ. ಮೆಟ್ಟಿಲ ಮೇಲಿನ ಚಾವಣಿಗೆ ಬಣ್ಣದ ವಿನ್ಯಾಸ ಬರೆಯಲು ಹಸಿಗಾರೆಯಲ್ಲಿ ಚುಚ್ಚಿದ ಚುಕ್ಕಿಗಳು ಈಗಲೂ ಕಾಣುತ್ತವೆ. ನಮ್ಮ ಹೆಂಗಸರು ರಂಗೋಲಿಗೆ ಮೊದಲು ಚುಕ್ಕಿ ಇಡುವ ಹಾಗೆ ಎಂದುಕೊಂಡೆ. ಯಾರು ಬೇಕಾದರೂ ಬಂದು ಗೆರೆ ಸೇರಿಸಬಹುದಿತ್ತು.

ಇಲ್ಲಿನ ಕೆಲಸ ಹಾಗೆಯೇ ನಡೆದದ್ದು. ಶನಿವಾರ-ಭಾನುವಾರ ಲಂಡನ್ನಿನಿಂದ ಗೆಳೆಯರು ಬರುತ್ತಿದ್ದರು; ಸುಮಾರು ಮೂರು ಮೈಲಿ ದೂರದ ಆಬಿ ವುಡ್ ನಿಲ್ದಾಣದಿಂದ ಕುದುರೆಗಾಡಿ ಕರೆತರುತ್ತಿತ್ತು. ರೊಸೆಟ್ಟಿ, ಎಲಿಜಬೆತ್ ಸಿಡಾಲ್, ಬರ್ನ್-ಜೋನ್ಸ್, ಜಾರ್ಜಿಯಾನಾ. ಬಂದವರ ಕೈಗೆ ಕುಂಚ ಕೊಡುತ್ತಿದ್ದರು. 2013ರಲ್ಲಿ ಮಾರಿಸನ ಮಲಗುವ ಕೋಣೆಯಲ್ಲಿ, ಗೋಡೆಗೆ ಒತ್ತಿಕೊಂಡಿದ್ದ ಬೀರುವಿನ ಹಿಂದೆ, ಬೈಬಲ್ಲಿನ ಪಾತ್ರಗಳ ಚಿತ್ರವೊಂದು ಬೆಳಕಿಗೆ ಬಂತು. ಬೇರೆಬೇರೆ ಆಕೃತಿಗಳನ್ನು ಬೇರೆಬೇರೆ ಗೆಳೆಯರು ಬರೆದಿದ್ದಾರೆ ಎಂದು ತಜ್ಞರು ಗುರುತಿಸಿದರು. ಒಂದೇ ಗೋಡೆ, ಹಲವು ಕೈ. ಮನೆಗೆ ಬೇಕಾದದ್ದು ಅಂಗಡಿಯಲ್ಲಿ ಸಿಗುವುದಿಲ್ಲ ಎಂದು ಎಲ್ಲವನ್ನೂ ತಾವೇ ಮಾಡಿಕೊಂಡದ್ದರಿಂದಲೇ 1861ರ ಏಪ್ರಿಲ್‌ನಲ್ಲಿ ‘ಮಾರಿಸ್, ಮಾರ್ಷಲ್, ಫಾಕ್ನರ್ ಅಂಡ್ ಕಂಪನಿ’ ಹುಟ್ಟಿತು. ತೋಟದ ಗುಲಾಬಿಬಳ್ಳಿಯ ಚಪ್ಪರ ನೋಡಿ ಮಾರಿಸ್ 1862ರಲ್ಲಿ ಬರೆದ ಗೋಡೆಕಾಗದದ ವಿನ್ಯಾಸದಲ್ಲಿ ಹಕ್ಕಿಗಳನ್ನು ಬರೆದುಕೊಟ್ಟವನು ವೆಬ್.

ಈಗ ಆ ‘ಎಲ್’ ಆಕಾರಕ್ಕೆ ಮರಳೋಣ. 1864ರಲ್ಲಿ ಒಂದು ಯೋಜನೆ ಸಿದ್ಧವಾಗಿತ್ತು. ಮನೆಗೆ ಇನ್ನೊಂದು ತೋಳನ್ನು ಸೇರಿಸುವುದು. ಅದರಲ್ಲಿ ಬರ್ನ್-ಜೋನ್ಸ್ ಸಂಸಾರ ವಾಸಮಾಡುವುದು. ಕಂಪನಿಯ ಕಾರ್ಖಾನೆಯೂ ಅಲ್ಲಿಗೇ ಬರುವುದು. ವೆಬ್ ನಕಾಶೆ ತೆಗೆದ. ಅದು ಆಗಿದ್ದರೆ ಬಾವಿಯ ಸುತ್ತ ಮನೆ ಮುಚ್ಚಿಕೊಳ್ಳುತ್ತಿತ್ತು, ನಡುವೆ ಅಂಗಳ, ಒಂದು ಬದಿ ಒಂದು ಸಂಸಾರ, ಎದುರು ಇನ್ನೊಂದು. ಆ ಅಂಗಳವನ್ನು ಕಲ್ಪಿಸಿಕೊಂಡರೆ ಬಿಸಿಲಿನ ಒಗಟು ಬಿಡಿಸಿಕೊಳ್ಳುತ್ತದೆ. ಅಂಗಳದ ಕಡೆ ಇರಬೇಕಾದದ್ದು ಬೇರೆಬೇರೆ ಸಂಸಾರಗಳ ಖಾಸಗಿ ಕೋಣೆಗಳಲ್ಲ. ಎಲ್ಲರೂ ಹಾದುಹೋಗುವ, ಎದುರಾಗುವ, ನಿಂತು ಮಾತಾಡುವ ಹಾದಿ. ಒಳ್ಳೆಯ ಬಿಸಿಲನ್ನು ಈ ಮನೆ ಒಬ್ಬರ ಕುರ್ಚಿಗೆ ಕೊಡದೆ ಎಲ್ಲರ ಓಡಾಟಕ್ಕೆ ಕೊಟ್ಟಿದೆ. ವೆಬ್ 1859ರಲ್ಲೇ ಇದನ್ನೆಲ್ಲ ಲೆಕ್ಕಹಾಕಿದ್ದ ಎಂದು ನಾನು ಹೇಳುತ್ತಿಲ್ಲ. ಆದರೆ ಕೃತಿ ಕೆಲವೊಮ್ಮೆ ಕರ್ತೃವಿಗಿಂತ ಮೊದಲೇ ತನಗೆ ಬೇಕಾದದ್ದನ್ನು ತಿಳಿದಿರುತ್ತದೆ. ಈ ಮನೆ ಕಟ್ಟಿದ ದಿನದಿಂದಲೂ ಅರ್ಧ ಅಂಗಳವಾಗಿ, ಇನ್ನರ್ಧಕ್ಕೆ ಕಾಯುತ್ತಾ ನಿಂತಿತ್ತು.

ಅದು ಬರಲಿಲ್ಲ. 1864ರ ಕೊನೆಯ ತಿಂಗಳುಗಳಲ್ಲಿ ಜಾರ್ಜಿಯಾನಾಗೆ ಸ್ಕಾರ್ಲೆಟ್ ಜ್ವರ ಬಂತು; ದಿನ ತುಂಬುವ ಮೊದಲೇ ಹುಟ್ಟಿದ ಮಗು ಕ್ರಿಸ್ಟೋಫರ್ ಉಳಿಯಲಿಲ್ಲ. ಮಾರಿಸ್ ಕೂಡ ಕೀಲುನೋವಿನ ಜ್ವರದಲ್ಲಿ ಹಾಸಿಗೆ ಹಿಡಿದಿದ್ದ. ಬರ್ನ್-ಜೋನ್ಸ್ ಯೋಜನೆಯಿಂದ ಹಿಂದೆ ಸರಿದ. ಅದಕ್ಕೆ ಮಾರಿಸ್ ಕೊಟ್ಟ ಉತ್ತರದಲ್ಲಿ, ಓದಿ ಅತ್ತೆ, ಈಗ ಸಮಾಧಾನವಾಗಿದೆ ಎಂಬ ಮಾತಿದೆ. ಆ ಪತ್ರದಲ್ಲೇ ಅವನು ಈ ಯೋಜನೆಯನ್ನು ‘ನಮ್ಮ ಕಲೆಯ ಅರಮನೆ’ ಎಂದು ಕರೆಯುತ್ತಾನೆ.

ಈ ಹೆಸರಿನಲ್ಲಿ ವಿಮರ್ಶಕ ನಿಲ್ಲಲೇಬೇಕು. ‘ಕಲೆಯ ಅರಮನೆ’ ಟೆನಿಸನ್ ಕವಿತೆಯೊಂದರ ಶೀರ್ಷಿಕೆ. ಆ ಕಾಲದ ಓದುಗರಿಗೆಲ್ಲ ಗೊತ್ತಿದ್ದದ್ದು. ಅದರಲ್ಲಿ ಕವಿ ತನ್ನ ಆತ್ಮಕ್ಕೆಂದು ಚೆಲುವೆಲ್ಲ ತುಂಬಿದ ಅರಮನೆ ಕಟ್ಟಿಸುತ್ತಾನೆ. ಆತ್ಮ ಅಲ್ಲಿ ಒಂಟಿಯಾಗಿ, ಹೆಮ್ಮೆಯಿಂದ ವಾಸಿಸುತ್ತದೆ. ಕೆಲವು ವರ್ಷಗಳಲ್ಲಿ ಆ ಒಂಟಿತನವೇ ನರಕವಾಗಿ, ಕಣಿವೆಯಲ್ಲೊಂದು ಗುಡಿಸಲು ಕೊಡು ಎಂದು ಬೇಡಿ ಹೊರಬರುತ್ತದೆ. ಆದರೆ ಅರಮನೆಯನ್ನು ಕೆಡವಬೇಡ ಎನ್ನುತ್ತದೆ, ಮುಂದೆ ಎಂದಾದರೂ ಇತರರ ಜೊತೆಗೆ ಮರಳಿ ಬಂದೇನು ಎಂಬ ಆಸೆಯಿಂದ. ಮಾರಿಸ್ ಆ ಹೆಸರನ್ನು ತಮಾಷೆಗೆ ಬಳಸಿದ್ದಿರಬಹುದು. ಆದರೂ ರೆಡ್ ಹೌಸಿನ ಎಲ್ಲ ಆಸೆಯೂ ಆ ಕವಿತೆಯ ಕೊನೆಯಿಂದ ಶುರುವಾಗುತ್ತದೆ: ಇತರರ ಜೊತೆಗೆ. ಆ ಇತರರು ಬರಲಿಲ್ಲ ಎಂದಾದ ಮೇಲೆ ಅದು ಕವಿತೆಯ ಮೊದಲ ಅರ್ಧವಾಗಿಯೇ ಉಳಿಯಿತು.

1865ರ ನವೆಂಬರ್‌ನಲ್ಲಿ ಮಾರಿಸ್ ಸಂಸಾರ ಮನೆ ಬಿಟ್ಟು ಲಂಡನ್ನಿನ ಕ್ವೀನ್ ಸ್ಕ್ವೇರಿಗೆ, ಕಂಪನಿಯ ಮೇಲಂತಸ್ತಿಗೆ ಹೋಯಿತು. ಮರುವರ್ಷ ಮನೆ ಮಾರಾಟವಾಯಿತು. ವಾಸ ಮಾಡಿದ್ದು ಐದು ವರ್ಷ ಮಾತ್ರ. ಮತ್ತೆಂದೂ ಅವನು ಅದನ್ನು ನೋಡಲು ಹೋಗಲಿಲ್ಲ.

ಹೇಳದೆ ಬಿಟ್ಟದ್ದನ್ನೂ ಓದಬೇಕು ಎಂದೆ. ಈ ಮನೆ ಕಟ್ಟಿದ ಹಣ ಎಲ್ಲಿಂದ ಬಂತು? ಮಾರಿಸನ ತಂದೆ ಡೆವನ್ ಸೀಮೆಯ ತಾಮ್ರದ ಗಣಿಯಲ್ಲಿ ಷೇರು ಕೊಂಡಿದ್ದ. ಅದರಿಂದ ಮಗನಿಗೆ ವರ್ಷಕ್ಕೆ ಸುಮಾರು ಒಂಬೈನೂರು ಪೌಂಡ್ ಬರುತ್ತಿತ್ತು. ಆ ಗಣಿ ಮುಂದೆ ತಾಮ್ರದ ಜೊತೆಗೆ ಆರ್ಸೆನಿಕ್ ಎಂಬ ವಿಷದ ದೊಡ್ಡ ಮೂಲವಾಯಿತು. ಮಾರಿಸ್ ಕಂಪನಿಯ ಮೊದಮೊದಲ ಗೋಡೆಕಾಗದಗಳ ಹಸಿರು ಬಣ್ಣದಲ್ಲೂ ಅದೇ ವಿಷವಿತ್ತು. 1860ರ ದಶಕದಲ್ಲಿ ಗಣಿಯ ಆದಾಯ ಇಳಿದದ್ದೂ ಮನೆ ಬಿಡಲು ಒಂದು ಕಾರಣ. ಇಟ್ಟಿಗೆ ತಾನು ಇಟ್ಟಿಗೆ ಎಂದು ಪ್ರಾಮಾಣಿಕವಾಗಿ ಹೇಳುತ್ತದೆ. ಅದನ್ನು ಅಚ್ಚಿನಲ್ಲಿ ಒತ್ತಿದವರು ಯಾರು, ಗಣಿಯೊಳಗೆ ಇಳಿದವರು ಯಾರು, ಗೆಳೆಯರು ಗೋಡೆಗೆ ಬಣ್ಣ ಹಚ್ಚುವಾಗ ಅಡುಗೆಮನೆಯಲ್ಲಿ ಪಾತ್ರೆ ತಿಕ್ಕಿದವರು ಯಾರು ಎಂದು ಹೇಳುವುದಿಲ್ಲ. ವಸ್ತುವಿನ ಪ್ರಾಮಾಣಿಕತೆಯನ್ನು ನಾವು ಬದುಕಿನ ಪ್ರಾಮಾಣಿಕತೆ ಎಂದು ಬಲುಬೇಗ ಓದಿಬಿಡುತ್ತೇವೆ. ಸರಳ ಭಾಷೆಯಲ್ಲಿ ಬರೆದವನನ್ನು ಸರಳ ಮನುಷ್ಯ ಎಂದುಕೊಳ್ಳುವ ಹಾಗೆ.

ಈ ಮಾತನ್ನು ಮಾರಿಸನ ಮೇಲೆ ಹೊರಗಿನಿಂದ ಹೊರಿಸಬೇಕಾಗಿಲ್ಲ. ಅವನ ಮುಂದಿನ ಬದುಕೇ ಅದಕ್ಕೆ ಉತ್ತರ ಹುಡುಕಿತು. 1883ರಲ್ಲಿ ಅವನು ಸಮಾಜವಾದಿ ಸಂಘಟನೆ ಸೇರಿದ. ಕೆಲಸದಲ್ಲಿ ಸಂತೋಷ ಎನ್ನುವುದು ಗೆಳೆಯರ ಗುಂಪಿಗಷ್ಟೇ ಅಲ್ಲ, ಎಲ್ಲ ಕೆಲಸಗಾರರಿಗೂ ಸಿಗಬೇಕು ಎಂದು ಬೀದಿಬೀದಿಯಲ್ಲಿ ಭಾಷಣ ಮಾಡಿದ. ರೆಡ್ ಹೌಸಿನ ಒಳಗೆ ಐದು ವರ್ಷ ಸವಿದದ್ದನ್ನು ಕಾಂಪೌಂಡಿನ ಹೊರಗೆ ತರುವುದು ಹೇಗೆ ಎಂಬುದೇ ಅವನ ಉಳಿದ ಆಯುಷ್ಯದ ಪ್ರಶ್ನೆಯಾಯಿತು ಎಂದು ನನಗನ್ನಿಸುತ್ತದೆ.

ಇನ್ನೂ ಒಂದು ಸಂಗತಿ ನನ್ನ ಹಳೆಯ ಉತ್ತರಕ್ಕೆ ನೇರ ಪೆಟ್ಟು. ‘ಆಧುನಿಕ ಮನೆಯ ಮೊದಲ ಉದಾಹರಣೆ’ಯನ್ನು ಕಟ್ಟಿಸಿದವನು ಆಮೇಲೆ ತನಗಾಗಿ ಇನ್ನೊಂದು ಮನೆ ಕಟ್ಟಿಸಲೇ ಇಲ್ಲ. ಉಳಿದ ಬದುಕೆಲ್ಲ ಕಳೆದದ್ದು ಬಾಡಿಗೆಯ, ಗುತ್ತಿಗೆಯ ಹಳೆಯ ಮನೆಗಳಲ್ಲಿ. 1890ರಲ್ಲಿ ಅವನು ಬರೆದ ‘ನ್ಯೂಸ್ ಫ್ರಮ್ ನೋವೇರ್’ ಕಾದಂಬರಿಯಲ್ಲಿ, ಸಮಾನತೆಯ ನಾಡೊಂದರ ಕನಸಿನ ಪ್ರಯಾಣ ಕೊನೆಗೆ ತಲುಪುವುದು ಥೇಮ್ಸ್ ದಂಡೆಯ ಹಳೆಯ ಕಲ್ಲಿನ ಮನೆಗೆ. ಅದರ ಮೂಲ ಅವನು 1871ರಿಂದ ಗುತ್ತಿಗೆಗೆ ಹಿಡಿದಿದ್ದ ಕೆಲ್ಮ್‌ಸ್ಕಾಟ್ ಮನೆ. ಯಾರೋ ಹಳ್ಳಿಯವರು ಶತಮಾನಗಳ ಹಿಂದೆ ಕಟ್ಟಿದ್ದು. 1877ರಲ್ಲಿ ಅವನೂ ವೆಬ್‌ನೂ ಸೇರಿ ಹುಟ್ಟುಹಾಕಿದ್ದು ಹಳೆಯ ಕಟ್ಟಡಗಳನ್ನು ಉಳಿಸುವ ಸಂಘ. ಮುಂದಿನದರ ಹರಿಕಾರರು ಎಂದು ನಾವು ಕರೆದ ಇಬ್ಬರೂ ಹಿಂದಿನದರ ಕಾವಲಿಗೆ ನಿಂತರು. ಪೆವ್ಸ್ನರ್ ಎಳೆದ ಗೆರೆ ಮಾರಿಸನಿಂದ ಮುಂದಕ್ಕೆ ಹೋಗುತ್ತದೆ ನಿಜ. ಮಾರಿಸ್ ಮಾತ್ರ ಆ ಗೆರೆಯ ಮೇಲೆ ನಡೆದವನಲ್ಲ.

ಹಾಗಾದರೆ ತಿದ್ದಿದ ಉತ್ತರ ಏನು? ರೆಡ್ ಹೌಸ್ ಮುಂದೆ ಬಂದದ್ದರ ಆರಂಭ ಎನ್ನುವುದಕ್ಕಿಂತ, ಮುಗಿಯದೆ ಉಳಿದ ಒಂದು ಬಾಳಿನ ಕರಡುಪ್ರತಿ ಎನ್ನುತ್ತೇನೆ. ಅದರ ಗೋಡೆಗಳು ವರ್ಷವೊಂದರಲ್ಲಿ ಮುಗಿದವು. ಗೋಡೆಗಳು ಯಾವುದಕ್ಕಾಗಿ ಇದ್ದವೋ ಅದು ಮುಗಿಯಲಿಲ್ಲ. ಅದರ ರೂಪವನ್ನು ಅರ್ಥಮಾಡಿಕೊಳ್ಳಲು ಇಲ್ಲದ ತೋಳನ್ನೂ ಸೇರಿಸಿ ನೋಡಬೇಕು, ಖಂಡಕಾವ್ಯವನ್ನು ಓದುವಾಗ ಬರೆಯದೆ ಉಳಿದ ಸರ್ಗವನ್ನೂ ಮನಸ್ಸಿನಲ್ಲಿಟ್ಟು ಓದುವ ಹಾಗೆ. ಅದನ್ನು ಸಂಪೂರ್ಣ ಮಾದರಿ ಎಂದು ಹೊಗಳಿದರೆ ಅದರ ಚಳಿ, ಅದರ ದುಃಖ, ಅದರ ಆಸೆ ಮೂರೂ ಕೈತಪ್ಪಿಹೋಗುತ್ತವೆ.

ಮಾರಿಸ್ ಬಿಟ್ಟ ಮೇಲೂ ಆ ಮನೆ ಹಲವರ ಕೈದಾಟಿತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ವಾಸ್ತುಶಿಲ್ಪಿ ಎಡ್ವರ್ಡ್ ಹಾಲಂಬಿ ಅಲ್ಲಿ ದಶಕಗಟ್ಟಲೆ ಬಾಳಿ ಅದನ್ನು ಜೋಪಾನ ಮಾಡಿದ. 2003ರಲ್ಲಿ ಅದು ನ್ಯಾಷನಲ್ ಟ್ರಸ್ಟಿನ ವಶಕ್ಕೆ ಬಂತು. ಹಾಗಾಗಿ ನನ್ನಂಥವನೂ ಟಿಕೆಟ್ ಪಡೆದು ಒಳಗೆ ಹೋಗಬಹುದು.

ಹೊರಡುವ ಮೊದಲು ತೋಟದ ಕಡೆ ಬಂದೆ. ನನ್ನ ಪಠ್ಯಪುಸ್ತಕದ ಚಿತ್ರ ಕೊನೆಗೂ ಬಣ್ಣದಲ್ಲಿ ಎದುರಿಗಿತ್ತು. ಬಾವಿ, ಚೂಪು ಮಾಡು, ಕೆಂಪು ಗೋಡೆ. ಒಳಗೆ ಸಿಗದ ಬಿಸಿಲು ಅಲ್ಲಿತ್ತು. ತೋಟದ ಬಾಗಿಲಿನ ಪುಟ್ಟ ಮಂಟಪಕ್ಕೆ ಮಾರಿಸ್ ‘ಯಾತ್ರಿಕರ ವಿಶ್ರಾಂತಿ’ ಎಂದು ಹೆಸರಿಟ್ಟಿದ್ದ; ಚಾಸರನ ಕಥೆಗಾರರು ಕ್ಯಾಂಟರ್ಬರಿಗೆ ಹೋದ ಹಳೆಯ ದಾರಿ ಹತ್ತಿರದಲ್ಲೇ ಇದೆ. ಆ ಮಂಟಪದ ಹೆಂಚುಬಿಲ್ಲೆಗಳ ಮೇಲೆ ಅವನ ಧ್ಯೇಯವಾಕ್ಯ ಫ್ರೆಂಚಿನಲ್ಲಿ ಬರೆದಿದೆ. ಚಿತ್ರಕಾರ ಯಾನ್ ವಾನ್ ಐಕ್‌ನಿಂದ ಪಡೆದ ಆ ಮಾತಿನ ಅರ್ಥ ಇಷ್ಟೇ: ನನ್ನಿಂದಾದರೆ.

‘ಮೊದಲನೆಯದು’ ಎಂದಲ್ಲ, ‘ನನ್ನಿಂದಾದರೆ’ ಎಂದು. ಮನೆ ತನ್ನ ಬಗ್ಗೆ ತಾನೇ ಬರೆದುಕೊಂಡಿದ್ದ ಸಾಲು ಅದು. ನನ್ನ ಪುಸ್ತಕದ ಚಿತ್ರದಲ್ಲಿ ಅದು ಕಾಣುತ್ತಿರಲಿಲ್ಲ.